ರತ್ನಗಂಬಳಿಯ ಹಿಂದಿನ ನೀರಿನ ಗೆರೆ

ಮಾನ್ಯರೇ,

ಪ್ರವಾಹ ಹಾನಿ ಅಂದಾಜು ಸಮಿತಿಯ ಅಧ್ಯಕ್ಷರಾದ ತಾವು, ಜೊಂಡಿನ ಬೀದಿಯ ಹದಿನೇಳನೇ ನಂಬರಿನ ಮನೆಗೆ ಗಣನೀಯ ಹಾನಿಯೇನೂ ಆಗಿಲ್ಲ, ಅದು ವಾಸಕ್ಕೆ ಯೋಗ್ಯವಾಗಿದೆ ಎಂದು ತೀರ್ಮಾನಿಸಿದ್ದೀರಿ. ಆ ತೀರ್ಮಾನಕ್ಕೆ ಆಧಾರ ಮೂರು ಫೋಟೋಗಳು. ಮೂರನ್ನೂ ತೆಗೆದವಳು ನಾನು. ಫೋಟೋಗಳು ಬಹಳ ಚೆನ್ನಾಗಿ ಬಂದಿವೆ. ಮನೆ ಬೀಳುತ್ತಿದೆ.

ಇಪ್ಪತ್ತಾರು ವರ್ಷಗಳಿಂದ ನಾನು ಬಸ್ ನಿಲ್ದಾಣದ ಹಿಂದೆ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಈ ಊರಿನ ಅರ್ಧ ಜನರ ಪಾಸ್‌ಪೋರ್ಟಿನಲ್ಲಿರುವ ಮುಖ, ಅವರ ಮದುವೆಯ ಆಲ್ಬಮ್, ಕೊನೆಗೆ ಅವರ ಗೋರಿಕಲ್ಲಿನ ಮೇಲೆ ಕೆತ್ತಿಸುವ ಭಾವಚಿತ್ರ, ಎಲ್ಲವೂ ನನ್ನ ಕೈಯಿಂದ ಹೊರಟದ್ದು. ತಮ್ಮ ಕಚೇರಿಯ ಬಾಗಿಲ ಪಕ್ಕದ ಫಲಕದಲ್ಲಿರುವ ತಮ್ಮ ಫೋಟೋ ಕೂಡ ನಾನೇ ತೆಗೆದದ್ದು. ತಮಗೆ ನೆನಪಿರಲಿಕ್ಕಿಲ್ಲ. ಕಣ್ಣಿನ ಕೆಳಗಿದ್ದ ಕಪ್ಪನ್ನೂ ಕತ್ತಿನ ಮಡಿಕೆಯನ್ನೂ ತಾವು ಕೇಳದೆಯೇ ತೆಗೆದುಹಾಕಿದ್ದೆ. ನಮ್ಮ ಕಸುಬಿನಲ್ಲಿ ಇದನ್ನು ಗಿರಾಕಿಗೆ ಕೊಡುವ ಮರ್ಯಾದೆ ಎನ್ನುತ್ತಾರೆ. ಈ ಮರ್ಯಾದೆಯಿಂದಲೇ ಈಗ ಒಂದು ಸಂಸಾರದ ತಲೆಯ ಮೇಲೆ ಗೋಡೆ ಬೀಳುವ ಹಾಗಿದೆ. ಆದ್ದರಿಂದ ಈ ಪತ್ರ.

ಏಪ್ರಿಲ್‌ನಲ್ಲಿ ಎಸಿಲ್ ನದಿಯ ಮಂಜುಗಡ್ಡೆ ಒಡೆಯುವುದನ್ನು ನೋಡಲು ಸೇತುವೆಯ ಮೇಲೆ ಸೇರುವುದು ನಮ್ಮ ಊರಿನ ಹಳೆಯ ಚಾಳಿ. ಈ ವರ್ಷವೂ ಸೇರಿದ್ದರು. ಹೆಂಗಸರು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದರು, ಗಂಡಸರು ಹಿಂದೆಲ್ಲ ಇದಕ್ಕಿಂತ ದೊಡ್ಡ ಗಡ್ಡೆ ಬರುತ್ತಿತ್ತು ಎಂದು ವಾದಿಸುತ್ತಿದ್ದರು, ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ಬೆಳಗ್ಗೆ ಒಂಬತ್ತಕ್ಕೆ ಧ್ವನಿವರ್ಧಕದಲ್ಲಿ ನೀರಿನ ಮಟ್ಟ ಹತೋಟಿಯಲ್ಲಿದೆ ಎಂದು ಸಾರಲಾಯಿತು. ಯಾರ ಹತೋಟಿಯಲ್ಲಿ ಎಂದು ಹೇಳಲಿಲ್ಲ. ಮಧ್ಯಾಹ್ನ ಮೂರಕ್ಕೆ ಒಡ್ಡು ಒಡೆದು ನೀರು ಕೆಳಗಿನ ಬೀದಿಗಳಿಗೆ ನುಗ್ಗಿತು. ಸೇತುವೆಯ ಮೇಲಿದ್ದವರು ತಮ್ಮ ತಮ್ಮ ಮನೆಗಳು ಮುಳುಗುವುದನ್ನು ಒಳ್ಳೆಯ ಕೋನದಿಂದ ನೋಡಿದರು.

ನಾನು ರಕ್ಷಣಾ ದಳದವರ ದೋಣಿ ಹತ್ತಿದೆ. ಅವರು ಕರೆಯಲಿಲ್ಲ. ಕ್ಯಾಮೆರಾ ನೋಡಿ ನಾನು ತಮ್ಮ ಕಚೇರಿಯವಳು ಎಂದುಕೊಂಡರು, ನಾನೂ ಅಲ್ಲವೆನ್ನಲಿಲ್ಲ. ಜೊಂಡಿನ ಬೀದಿಯಲ್ಲಿ ನೀರು ಕಿಟಕಿಯ ಅರ್ಧಕ್ಕೆ ಬಂದಿತ್ತು. ಹದಿನೇಳನೇ ಮನೆಯ ಅಂಗಳದಲ್ಲಿ ಬೇಸಿಗೆಯ ಅಡುಗೆಗೆಂದು ಕಟ್ಟಿಕೊಂಡ ಸಣ್ಣ ಗೂಡಿನ ಸೂರಿನ ಮೇಲೆ ಬಾತಿಮಾ ಅಪಾ ಕೂತಿದ್ದರು. ಅರವತ್ತೆಂಟು ವರ್ಷ, ಮೂವತ್ತು ವರ್ಷ ಹಾಲಿನ ಕಾರ್ಖಾನೆಯಲ್ಲಿ ದುಡಿದವರು, ಬೀದಿಗೆಲ್ಲ ಅಪಾ, ಹಿರಿಯಕ್ಕ. ಸೊಸೆ ಶೋಲ್ಪಾನ್ ಮತ್ತು ಮೂವರು ಮೊಮ್ಮಕ್ಕಳನ್ನು ಹಿಂದಿನ ದೋಣಿಯಲ್ಲಿ ಕಳಿಸಿಯಾಗಿತ್ತು. ಮಗ ಪಶ್ಚಿಮದ ಎಣ್ಣೆ ಬಾವಿಗಳಲ್ಲಿ ಪಾಳಿಯ ಕೆಲಸಕ್ಕೆ ಹೋಗಿದ್ದ. ಅಪಾ ತೊಡೆಯ ಮೇಲೆ ಸುರುಳಿ ಸುತ್ತಿದ ಒಂದು ರತ್ನಗಂಬಳಿ ಇಟ್ಟುಕೊಂಡಿದ್ದರು. ಅವರ ತಾಯಿಯೂ ಅವರೂ ಸೇರಿ ಎರಡು ಚಳಿಗಾಲ ಕೂತು ನೇಯ್ದದ್ದು, ಮದುವೆಯ ದಿನದಿಂದ ಆ ಮನೆಯ ಗೋಡೆಯ ಮೇಲಿದ್ದದ್ದು.

"ಅಪಾ, ಗಂಬಳಿ ಅಲ್ಲೇ ಬಿಡಿ, ದೋಣಿಗೆ ಭಾರ ಆಗತ್ತೆ," ಎಂದ ದೋಣಿಯವನು.

"ಹಂಗಾದ್ರೆ ನಾನು ಇಲ್ಲೇ ಇರ್ತೀನಪ್ಪ. ಗಂಬಳಿನ ಕರ್ಕೊಂಡು ಹೋಗು."

ನಾನು ಕ್ಯಾಮೆರಾ ಎತ್ತಿದ್ದು ಅವರ ಕಣ್ಣಿಗೆ ಬಿತ್ತು. "ಏ ಕಾಮ್ಶತ್! ತಡಿಯೇ, ಈಗ್ಲೇ ತೆಗೀಬೇಡ, ತಲೆವಸ್ತ್ರ ಸರಿ ಇಲ್ಲ," ಎಂದು ಕೂಗಿದರು. ಸುತ್ತ ನೀರು, ನೀರಿನಲ್ಲಿ ಗೇಟುಗಳು, ಹಟ್ಟಿಗಳು, ಯಾರದೋ ಸತ್ತ ಹಸು. ಬಾತಿಮಾ ಅಪಾ ತಲೆವಸ್ತ್ರ ಬಿಚ್ಚಿ, ಕೂದಲು ಒಳಗೆ ಸೇರಿಸಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಕಾದೆ. ದೋಣಿಯವನೂ ಕಾದ. ಆಮೇಲೆ ತೆಗೆದೆ.

ಆ ಫೋಟೋ ತಾವು ನೋಡಿದ್ದೀರಿ, ಅಧ್ಯಕ್ಷರೇ. ದಿನಾ ನೋಡುತ್ತೀರಿ. ತಮ್ಮ ಕಚೇರಿಯ ಮೊದಲ ಮಹಡಿಗೆ ಹೋಗುವ ಮೆಟ್ಟಿಲ ಬಳಿ ಎರಡು ಮೀಟರ್ ಅಗಲಕ್ಕೆ ದೊಡ್ಡದು ಮಾಡಿಸಿ ತೂಗುಹಾಕಿದ್ದೀರಿ. ಕೆಳಗೆ "ನಮ್ಮ ನಾಗರಿಕರ ಸ್ಥೈರ್ಯ" ಎಂದು ಬರೆಸಿದ್ದೀರಿ. ನನ್ನ ಹೆಸರು ಬರೆಸಿಲ್ಲ, ಅದಿರಲಿ. ಬಾತಿಮಾ ಅಪಾ ಹೆಸರೂ ಬರೆಸಿಲ್ಲ. ಬರೆಸಿದ್ದರೆ ಬಹುಶಃ ಯಾರಾದರೂ ಮೆಟ್ಟಿಲ ಬಳಿಯ ಹೆಂಗಸೂ ಕಡತದೊಳಗಿನ ಹೆಂಗಸೂ ಒಬ್ಬರೇ ಎಂದು ಗಮನಿಸುತ್ತಿದ್ದರು.

ನೀರು ಹನ್ನೊಂದು ದಿನ ನಿಂತಿತು. ಇಳಿದ ಮೇಲೆ ತಮ್ಮ ಸಮಿತಿ ರಚನೆಯಾಯಿತು. ಆರುನೂರು ಮನೆ, ಮೂವರು ಸದಸ್ಯರು, ಒಂದೇ ಒಂದು ವಾಹನ. ಆ ವಾಹನವೂ ಪ್ರವಾಹದಲ್ಲಿ ನೆನೆದು ಹಾಳಾಗಿತ್ತಂತೆ. ಸಮಿತಿ ಖುದ್ದಾಗಿ ಸ್ಥಳಕ್ಕೆ ಹೋಗಿ ನೋಡಿದ ಏಕೈಕ ಹಾನಿ ಅದೇ ಎಂದು ಕೇಳಿದ್ದೇನೆ. ಉಳಿದವರಿಗೆ ಪ್ರಕಟಣೆ ಹೊರಟಿತು: ಅರ್ಜಿದಾರರು ಮನೆಯ ಈಗಿನ ಸ್ಥಿತಿಯನ್ನು ತೋರಿಸುವ ಮೂರು ಫೋಟೋ ಲಗತ್ತಿಸಬೇಕು, ಫೋಟೋದಲ್ಲಿ ಅರ್ಜಿದಾರರ ಮುಖ ಸ್ಪಷ್ಟವಾಗಿ ಕಾಣಬೇಕು, ಫೋನಿನಲ್ಲಿ ತೆಗೆದದ್ದು ನಡೆಯುವುದಿಲ್ಲ, ಸ್ಟುಡಿಯೋದ ಮೊಹರು ಬೇಕು, ಹತ್ತು ದಿನ ಗಡುವು. ನಮ್ಮ ಊರಿನಲ್ಲಿ ಮೊಹರು ಇರುವ ಸ್ಟುಡಿಯೋ ಎರಡು. ಒಂದು ನೀರಿನಲ್ಲಿ ಮುಳುಗಿತ್ತು.

ಜೊಂಡಿನ ಬೀದಿಯ ನಲವತ್ತಮೂರು ಮನೆ ನನ್ನ ಪಾಲಿಗೆ ಬಂದವು. ನಾನು ಶಿಸ್ತಿನವಳು. ಯಾವ ಮನೆಗೆ ಯಾವ ದಿನ ಎಷ್ಟು ಗಂಟೆಗೆ ಬರುತ್ತೇನೆ ಎಂದು ಬರೆದು ಬೀದಿಯ ತುದಿಯ ಕಂಬಕ್ಕೆ ಅಂಟಿಸಿದೆ. ಈ ಪತ್ರದಲ್ಲಿ ಮುಂದೆ ಹೇಳುವುದೆಲ್ಲ ಆ ಚೀಟಿಯಿಂದ ಆದದ್ದು. ಮುಂಚಿತವಾಗಿ ತಿಳಿಸಿದೆನಲ್ಲ, ಅದೇ ನನ್ನ ಮೊದಲ ತಪ್ಪು.

ನಮ್ಮವರ ಮನೆಗೆ ಯಾರಾದರೂ ಬರುತ್ತಾರೆಂದು ಗೊತ್ತಾದರೆ ಏನಾಗುತ್ತದೆ ಎಂದು ತಮಗೆ ನಾನು ಹೇಳಿಕೊಡಬೇಕೇ? ತಮಗೂ ಒಬ್ಬ ತಾಯಿ ಇದ್ದಾರೆ ಎಂದು ನಂಬಿದ್ದೇನೆ. ಅದರಲ್ಲೂ ಬರುವವಳು ಫೋಟೋ ತೆಗೆಯುವವಳು, ಫೋಟೋ ಹೋಗುವುದು ದೊಡ್ಡ ಕಚೇರಿಗೆ. ಹದಿನೇಳನೇ ಮನೆಗೆ ನಾನು ಕೊಟ್ಟಿದ್ದ ಸಮಯ ಬುಧವಾರ ಬೆಳಗ್ಗೆ ಹನ್ನೊಂದು. ಅತ್ತೆ ಸೊಸೆ ಭಾನುವಾರವೇ ಶಾಲೆಯ ಹಾಸ್ಟೆಲಿನ ಆಶ್ರಯದಿಂದ ಮನೆಗೆ ಬಂದು ಕೆಲಸಕ್ಕೆ ಇಳಿದಿದ್ದರು. ಮೊಣಕಾಲುದ್ದ ಕೆಸರನ್ನು ಬಕೆಟಿನಲ್ಲಿ ತುಂಬಿ ಹೊರಗೆ ಸುರಿದರು. ಉಬ್ಬಿದ ಬೀರು, ಕೊಳೆತ ಹಾಸಿಗೆ, ಒಡೆದ ಹೊಲಿಗೆ ಯಂತ್ರ ಎಲ್ಲವನ್ನೂ ಹಿತ್ತಲಿಗೆ ಎಳೆದು ಮೇಲೆ ತಾಡಪಾಲು ಹೊದಿಸಿದರು. ಗೋಡೆಯ ಮೇಲೆ ಬಾತಿಮಾ ಅಪಾ ಎದೆಮಟ್ಟಕ್ಕೆ ನೀರು ನಿಂತ ಗೆರೆ ಮೂಡಿತ್ತು, ಕಂದುಬಣ್ಣದ್ದು, ಒಂದು ಬೆರಳು ದಪ್ಪ. ಅದಕ್ಕೆ ಸುಣ್ಣ ಹೊಡೆದರು. ಗೆರೆ ಮತ್ತೆ ಮೂಡಿತು. ಇನ್ನೊಮ್ಮೆ ಹೊಡೆದರು. ಮತ್ತೆ ಮೂಡಿತು. ಆಗ ಅದರ ಮೇಲೆ ರತ್ನಗಂಬಳಿಯನ್ನು ತೂಗುಹಾಕಿದರು.

ಹನ್ನೊಂದಕ್ಕೆ ಸರಿಯಾಗಿ ನಾನು ಹೋದಾಗ ಮನೆ ಹಬ್ಬಕ್ಕೆ ಸಜ್ಜಾದಂತಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟಲು ತುಂಬ ಬೌರ್ಸಾಕ್, ಆಗಷ್ಟೇ ಎಣ್ಣೆಯಿಂದ ಎತ್ತಿದ್ದು. ಮೇಜಿನ ಸುತ್ತ ಆರು ಕುರ್ಚಿ. ಬಾತಿಮಾ ಅಪಾ ಹಸಿರು ಮಖಮಲ್ಲಿನ ತೋಳಿಲ್ಲದ ಅಂಗಿ ತೊಟ್ಟಿದ್ದರು, ಅದರ ಮೇಲೆ ಕಾರ್ಖಾನೆಯವರು ಕೊಟ್ಟ ಪದಕ.

"ಅಪಾ, ಹಾನಿ ಎಲ್ಲಾಗಿದೆ ತೋರ್ಸಿ. ಅದನ್ನ ತೆಗೀಬೇಕು ನಾನು," ಎಂದೆ.

"ಹಾನಿನೆಲ್ಲ ಹಿತ್ಲಿಗೆ ಹಾಕ್ಸಿದೀನಿ ಕಣಮ್ಮ. ನೀನು ಮೊದ್ಲು ಕೂತ್ಕೋ, ಚಹಾ ಆರ್ತಿದೆ."

"ಮೂರು ದಿನ ಕೆಸರು ಎತ್ತಿ ಎತ್ತಿ ನನ್ನ ಸೊಂಟ ಬಿದ್ದೋಯ್ತು ಅಕ್ಕಾ," ಎಂದಳು ಶೋಲ್ಪಾನ್ ಬಾಗಿಲಲ್ಲಿ ನಿಂತು.

"ಸುಮ್ನಿರೇ. ಬಂದೋರ ಮುಂದೆ ಸೊಂಟದ ಸುದ್ದಿ ಯಾಕೆ? ಹೋಗು, ಹಾಲು ತಗೊಂಬಾ."

ನಾನು ಕೂತೆ. ಮೂರು ಬಟ್ಟಲು ಚಹಾ ಕುಡಿದೆ. ಅಲ್ಲಿಯವರೆಗೆ ತಪ್ಪು ಅರ್ಧ ನನ್ನದು, ಅರ್ಧ ಅವರದು ಎನ್ನಬಹುದಿತ್ತು. ಆಮೇಲಿನದು ಪೂರ್ತಿ ನನ್ನದೇ. ಎದ್ದು ಕ್ಯಾಮೆರಾ ಹಿಡಿದ ಕೂಡಲೇ ನನ್ನೊಳಗೆ ಇಪ್ಪತ್ತಾರು ವರ್ಷದ ಅಭ್ಯಾಸ ಎದ್ದು ನಿಂತಿತು. ಮೂಲೆಯಲ್ಲಿ ಸೋರುವ ನೀರಿಗೆ ಇಟ್ಟಿದ್ದ ಬಕೆಟ್ ಚೌಕಟ್ಟಿನಲ್ಲಿ ಅಸಹ್ಯವಾಗಿ ಕಾಣುತ್ತಿತ್ತು, ತೆಗೆಯಲು ಹೇಳಿದೆ. ನೆಲದ ಹಲಗೆ ಉಬ್ಬಿದ್ದ ಕಡೆ ಮೇಜನ್ನು ಸರಿಸಿದೆ. ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಅಪಾ ಅವರನ್ನು ರತ್ನಗಂಬಳಿಯ ಮುಂದೆ ನಿಲ್ಲಿಸಿದೆ. ಗದ್ದ ಸ್ವಲ್ಪ ಕೆಳಗೆ ಎಂದೆ. ಭುಜ ಸಡಿಲ ಬಿಡಿ ಎಂದೆ. ಕೊನೆಗೆ, ದೇವರು ನನ್ನನ್ನು ಕ್ಷಮಿಸಲಿ, "ಸ್ವಲ್ಪ ನಗಿ ಅಪಾ" ಎಂದೆ. ಅಪಾ ನಕ್ಕರು. ಮುದ್ದಾಗಿ ನಗುತ್ತಾರೆ ಅವರು.

ಇನ್ನೂ ಹೇಳಬೇಕಾದದ್ದೊಂದಿದೆ. ಸ್ಟುಡಿಯೋಗೆ ಬಂದು ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದಾಗ, ಗಂಬಳಿಯ ಮೇಲಂಚಿನ ಪಕ್ಕದಲ್ಲಿ ಅಂಗೈ ಅಗಲದ ತೇವದ ಕಲೆಯೊಂದು ಕಂಡಿತು. ಸರಿಯಾಗಿ ಅಪಾ ತಲೆಯ ಪಕ್ಕದಲ್ಲಿ. ನಾನು ಯೋಚಿಸಲೇ ಇಲ್ಲ. ಮದುಮಗಳ ಮುಖದ ಮೊಡವೆ ಅಳಿಸುವಂತೆ ಅದನ್ನು ಅಳಿಸಿಬಿಟ್ಟೆ. ಇಡೀ ಹದಿನೇಳನೇ ಮನೆಯಲ್ಲಿ ಫೋಟೋಗೆ ಸಿಕ್ಕಿದ್ದ ಒಂದೇ ಒಂದು ಹಾನಿ ಅದು. ಬೆರಳಿನ ಎರಡು ಚಲನೆಯಲ್ಲಿ ಹೋಯಿತು.

ಯಾಕೆ ಹೀಗೆ ಮಾಡಿದೆ ಎಂದು ತಾವು ಕೇಳಬಹುದು. ನೀರು ಬಂದದ್ದು ಊರಿಗೆ ಊರೇ ನೋಡಿದೆ, ಅದನ್ನು ನಾನು ಬೇರೆ ಫೋಟೋ ತೋರಿಸಿ ತಿಳಿಸಬೇಕೇ ಎಂದುಕೊಂಡಿದ್ದೆ. ಫೋಟೋ ಕೇಳಿದ್ದು ಅರ್ಜಿಯ ಜೊತೆ ಒಂದು ಮುಖ ಇರಲಿ ಎಂದು, ಮುಖ ಎಂದ ಮೇಲೆ ಅದು ಚೆನ್ನಾಗಿರಲಿ ಎಂದು. ಕಚೇರಿಯೊಂದು ತನ್ನ ಕಿಟಕಿಯಾಚೆ ಹರಿದ ನದಿಯನ್ನು ಮರೆತು, ಫೋಟೋದಲ್ಲಿದ್ದ ಬೌರ್ಸಾಕ್ ಬಟ್ಟಲನ್ನು ನಂಬುತ್ತದೆ ಎಂದು ನನಗೆ ಹೊಳೆಯಲಿಲ್ಲ. ಅಷ್ಟು ಬುದ್ಧಿ ನನಗಿದ್ದಿದ್ದರೆ ನಾನೂ ಯಾವುದಾದರೂ ಸಮಿತಿಯಲ್ಲಿರುತ್ತಿದ್ದೆ.

ತಮ್ಮ ಆದೇಶದ ಪ್ರತಿ ನನ್ನ ಮುಂದಿದೆ. "ಲಗತ್ತಿಸಿದ ಛಾಯಾಚಿತ್ರಗಳಿಂದ ಮನೆಯ ಒಳಭಾಗ ಸುಸ್ಥಿತಿಯಲ್ಲಿರುವುದು ಕಂಡುಬರುತ್ತದೆ. ಗೋಡೆಗಳಿಗೆ ಇತ್ತೀಚೆಗೆ ಸುಣ್ಣ ಬಳಿಯಲಾಗಿದೆ. ಗೋಡೆಯ ರತ್ನಗಂಬಳಿಗೆ ನೀರಿನಿಂದ ಹಾನಿಯಾದ ಕುರುಹಿಲ್ಲ. ಕುರ್ಚಿಗಳು ಆರು, ಉತ್ತಮ. ಅರ್ಜಿದಾರರು ಹರ್ಷಚಿತ್ತರಾಗಿದ್ದಾರೆ." ಪ್ರತಿಯೊಂದು ವಾಕ್ಯವೂ ನಿಜ, ಅಧ್ಯಕ್ಷರೇ. ಗಂಬಳಿಗೆ ಹಾನಿಯಾಗಿಲ್ಲ, ಏಕೆಂದರೆ ನೀರು ಬಂದಾಗ ಅದು ಸೂರಿನ ಮೇಲಿತ್ತು. ಅದನ್ನು ತಿಳಿಯಲು ತಮ್ಮ ಸದಸ್ಯರು ಒಂದು ಮಹಡಿ ಇಳಿದು ಮೆಟ್ಟಿಲ ಬಳಿಯ ಚಿತ್ರ ನೋಡಿದ್ದರೆ ಸಾಕಿತ್ತು.

ಕುರ್ಚಿಗಳ ವಿಷಯಕ್ಕೆ ಬರೋಣ. ಅವು ಮೇಲಿನ ಬೀದಿಯ ಒಬ್ಬ ನೆಂಟರವು. ಹದಿನೇಳನೇ ಮನೆಯಿಂದ ನಾನು ಹೊರಟ ತಕ್ಷಣ ಹಿಂದಿನ ಬೇಲಿ ದಾಟಿ ಹತ್ತೊಂಬತ್ತನೇ ಮನೆಗೆ ಹೋದವು. ಅಲ್ಲಿಂದ ಇಪ್ಪತ್ತೊಂದಕ್ಕೆ. ನಾನು ಮುಂಬಾಗಿಲಿನಿಂದ ಹೋಗುವಷ್ಟರಲ್ಲಿ ಅವು ಹಿತ್ತಲಿನಿಂದ ಬಂದು ಕೂತಿರುತ್ತಿದ್ದವು. ಹೀಗೆ ನಾಲ್ಕನೆಯದಾಗಿ ಹೋದ ಮನೆಯಲ್ಲಿ, ಒಂದು ಕುರ್ಚಿಯ ಬೆನ್ನಿನ ಮೇಲಿದ್ದ ಸಿಗರೇಟಿನ ಸುಟ್ಟ ಗುರುತು ನೋಡಿ ನನಗೆ ಗೊತ್ತಾಯಿತು. ಮನೆಯವರ ಮುಖ ನೋಡಿ, ಫೋಟೋ ತೆಗೆದು ಹೊರಟೆ. ಹೀಗೆ ಹನ್ನೊಂದು ಮನೆ ಸುತ್ತಿವೆ ಅವು. ತಮ್ಮ ಕಡತಗಳ ಪ್ರಕಾರ ಈಗ ಜೊಂಡಿನ ಬೀದಿಯಲ್ಲಿ ಅರವತ್ತಾರು ಕುರ್ಚಿಗಳಿವೆ. ಸುಟ್ಟ ಗುರುತು ಇರುವ ಕುರ್ಚಿಗಳೇ ಹನ್ನೊಂದು. ಪ್ರವಾಹದಿಂದ ಆ ಬೀದಿ ಇಷ್ಟು ಉದ್ಧಾರವಾದದ್ದನ್ನು ಕಂಡು ಸಮಿತಿಯಲ್ಲಿ ಯಾರಿಗೂ ಒಂದು ಕ್ಷಣ ಅನುಮಾನ ಬರಲಿಲ್ಲವೇ?

ನಲವತ್ತಮೂರರಲ್ಲಿ ಎರಡು ಮನೆಯ ಅರ್ಜಿ ಒಪ್ಪಿದ್ದೀರಿ. ಒಂದು ಬೀಗ ಹಾಕಿದ ಮನೆ. ಒಡೆಯರು ಬೇರೆ ಊರಿನಲ್ಲಿದ್ದಾರೆ, ಅರ್ಜಿಯನ್ನು ಅಂಚೆಯಲ್ಲಿ ಕಳಿಸಿದ್ದರು. ಸ್ವಚ್ಛ ಮಾಡುವವರು ಇಲ್ಲದ್ದರಿಂದ ಹಾನಿ ಇದ್ದ ಹಾಗೇ ಉಳಿದಿತ್ತು, ನಾನು ಕಿಟಕಿಯ ಹೊರಗಿನಿಂದ ತೆಗೆದೆ. ಮುಖ ಸ್ಪಷ್ಟವಾಗಿ ಕಾಣಬೇಕೆಂಬ ನಿಯಮ ಅವರಿಗೆ ಹೇಗೆ ಅನ್ವಯಿಸಲಿಲ್ಲವೋ ತಮಗೇ ಗೊತ್ತು. ಇನ್ನೊಂದು ಯೆರ್ಮೆಕ್‌ನದು. ಬೀದಿಯ ಎತ್ತರದ ತುದಿಯಲ್ಲಿ ಒಂಟಿಯಾಗಿರುವ ಗಂಡಸು, ಜನ್ಮದಲ್ಲಿ ಪೊರಕೆ ಹಿಡಿದವನಲ್ಲ. ನಾನು ಹೋದಾಗ ಹರಿದ ಬನಿಯನ್ನಿನಲ್ಲಿ ಮಲಗಿದ್ದ. ಎದ್ದು, ಹಾಗೇ ನಿಂತ, ಹಾಗೇ ತೆಗೆದೆ. ಅವನ ಮನೆಯ ಹೊಸ್ತಿಲವರೆಗೆ ಮಾತ್ರ ನೀರು ಬಂದಿತ್ತು. ಫೋಟೋದಲ್ಲಿರುವ ಕೆಸರಿನಲ್ಲಿ ಪ್ರವಾಹದ ಪಾಲೆಷ್ಟು, ಹಿಂದಿನ ವರ್ಷಗಳದ್ದೆಷ್ಟು ಎಂದು ನಾನು ಹೇಳಲಾರೆ. ಅವನಿಗೆ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿದೆ. ಮೊನ್ನೆ ಅಂಗಡಿಯಲ್ಲಿ ಸಿಕ್ಕಿದಾಗ ಬಾತಿಮಾ ಅಪಾ ಮುಂದೆ ತಲೆ ತಗ್ಗಿಸಿದ.

"ನಂಗೇ ನಾಚ್ಕೆ ಆಗತ್ತೆ ಅಪಾ. ಆ ಮನೆ ನೀವು ತಗೊಳಿ, ನಾನು ಇಲ್ಲೇ ಇರ್ತೀನಿ."

"ಬೇಡಪ್ಪ. ಅಲ್ಲಾದ್ರೂ ಪೊರ್ಕೆ ಹಿಡಿ," ಎಂದರು ಅಪಾ.

ಜೂನ್‌ನಲ್ಲಿ ನಾನು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಸ್ವೀಕಾರ ವಿಭಾಗದ ಹುಡುಗಿ ಬಹಳ ವಿನಯದಿಂದ ಮಾತಾಡಿದಳು. ನಾನು ದೋಣಿಯಿಂದ ತೆಗೆದ ಮುನ್ನೂರ ನಲವತ್ತು ಫೋಟೋಗಳ ಪೆಟ್ಟಿಗೆಯನ್ನೇ ಅವಳ ಮುಂದಿಟ್ಟೆ. ಅವಳು ಬಾತಿಮಾ ಅಪಾ ಸೂರಿನ ಮೇಲೆ ಕೂತ ಫೋಟೋ ಎತ್ತಿಕೊಂಡಳು.

"ಇದ್ರಲ್ಲಿ ಮನೆ ಕೆಳಭಾಗ ಕಾಣ್ತಾ ಇಲ್ವಲ್ಲ ಅಕ್ಕಾ."

"ಕೆಳಭಾಗ ನೀರಲ್ಲಿದೆ ಕಣಮ್ಮ."

"ಅದೇ ಅಕ್ಕಾ ನಾನೂ ಹೇಳ್ತಿರೋದು. ಕಾಣ್ದೇ ಇರೋ ಭಾಗಕ್ಕೆ ಹಾನಿ ಆಗಿದೆ ಅಂತ ಹೇಗೆ ಬರ್ಕೊಳ್ಳೋದು?"

"ಹಾಗಾದ್ರೆ ಹೊಸದಾಗಿ ತೆಗೆದು ತರ್ತೀನಿ. ಗಂಬಳಿ ಇಳ್ಸಿ, ಗೆರೆ ಕಾಣೋ ಹಾಗೆ."

ಅವಳು ಪಾಪ ಎನ್ನುವಂತೆ ನನ್ನನ್ನು ನೋಡಿದಳು. "ಈಗಾಗ್ಲೇ ಸುಸ್ಥಿತಿ ಅಂತ ಆದೇಶ ಆಗಿದೆ. ಈಗ ನೀವು ಹಾಳಾಗಿರೋ ಫೋಟೋ ತಂದ್ರೆ, ಆಮೇಲೆ ನೀವೇ ಹಾಳು ಮಾಡಿದ್ದು ಅಂತಾಗತ್ತೆ. ಸುಳ್ಳು ದಾಖಲೆ ಆಗ್ಬಿಡತ್ತೆ ಅಕ್ಕಾ, ಹುಷಾರು."

ಹೀಗೆ, ಅಧ್ಯಕ್ಷರೇ, ನಾನು ಮಾಡಿದ ಸುಳ್ಳು ದಾಖಲೆ ಸತ್ಯವಾಗಿ, ಇನ್ನು ಮಾಡಬೇಕೆಂದಿದ್ದ ಸತ್ಯ ಸುಳ್ಳಾಗಿ, ನಾನು ಮನೆಗೆ ಬಂದೆ. ಆದರೂ ಸುಮ್ಮನಿರಲಾಗಲಿಲ್ಲ. ಹದಿನೇಳನೇ ಮನೆಗೆ ಹೋಗಿ ಬಾತಿಮಾ ಅಪಾ ಅವರನ್ನು ಬೇಡಿಕೊಂಡೆ: ಒಂದೇ ಒಂದು ಸಲ ಗಂಬಳಿ ಇಳಿಸಿ, ಆ ಗೆರೆಯ ಪಕ್ಕ ನಿಲ್ಲಿ, ಮೇಲಿನ ಕಚೇರಿಗೆ ಕಳಿಸೋಣ.

"ಬರಿಗೋಡೆ ಮುಂದೆ ನಿಲ್ಸಿ ಫೋಟೋ ತೆಗ್ಯೋಕೆ ನಾನೇನು ಜೈಲಲ್ಲಿರೋಳಾ?"

"ಅಪಾ, ಗೋಡೆ ಒದ್ದೆ ಇದೆ. ಅದು ಅವರಿಗೆ ಕಾಣ್ಬೇಕು."

"ಕಾಣ್ಲಿ ಅಂತ ನೀನು ಹೇಳ್ತೀಯ. ನಾಳೆ ಆ ಕಚೇರೀಲಿ ಯಾರ್ಯಾರೋ ಕೂತು, ಬಾತಿಮಾ ಮನೆ ನೋಡ್ರೋ ಹಂದಿಗೂಡು ಇದ್ದಂಗಿದೆ ಅಂತಾರೆ. ನನ್ನ ಅತ್ತೆ ಕಾಲದಿಂದ ಈ ಮನೇನ ಯಾರೂ ಹಂಗೆ ನೋಡಿಲ್ಲ ಕಾಮ್ಶತ್. ಮನೆ ಬಿದ್ರೆ ಬೀಳ್ಲಿ, ಸ್ವಚ್ಛವಾಗಿ ಬೀಳ್ಲಿ."

ನನಗೆ ಸಿಟ್ಟು ಬಂತು. ಎಂಥ ಹಟ, ಮೊಮ್ಮಕ್ಕಳನ್ನಾದರೂ ನೋಡಬಾರದೇ ಎಂದು ದಾರಿಯುದ್ದಕ್ಕೂ ಗೊಣಗುತ್ತಾ ಬಂದೆ. ಸ್ಟುಡಿಯೋದ ಬಾಗಿಲು ತೆಗೆದಾಗ, ಗೋಡೆಯ ಮೇಲೆ ನಾನು ಇಪ್ಪತ್ತಾರು ವರ್ಷಗಳಲ್ಲಿ ಹೆಮ್ಮೆಯಿಂದ ತೂಗುಹಾಕಿದ ಮುಖಗಳೆಲ್ಲ ನನ್ನನ್ನು ನೋಡುತ್ತಿದ್ದವು. ಒಂದರಲ್ಲೂ ಒಂದು ಕಲೆ ಇರಲಿಲ್ಲ. ಬಾತಿಮಾ ಅಪಾ ಅವರಿಗೆ ಆ ಹಟ ಕಲಿಸಿದವರಲ್ಲಿ ನಾನೂ ಒಬ್ಬಳು ಎಂದು ಅಂದು ಅರ್ಥವಾಯಿತು, ತುಂಬ ನಾಚಿಕೆಯಾಯಿತು.

ಆಗಸ್ಟ್ ಕೊನೆಗೆ ಹಾಸ್ಟೆಲ್ ಖಾಲಿ ಮಾಡಿಸಿದರು. ಮನೆ ವಾಸಯೋಗ್ಯ ಎಂದು ಆದೇಶವಿರುವವರಿಗೆ ಆಶ್ರಯವೇಕೆ? ಅಪಾ, ಶೋಲ್ಪಾನ್, ಮೂವರು ಮಕ್ಕಳು ಹದಿನೇಳನೇ ಮನೆಗೆ ಮರಳಿದರು. ಕಳೆದ ವಾರ ನಾನು ನೋಡಲು ಹೋಗಿದ್ದೆ. ಹೇಳದೆ ಹೋಗಿದ್ದೆ. ಅಪಾ ಪೇಟೆಗೆ ಹೋಗಿದ್ದರು. ಶೋಲ್ಪಾನ್ ನನ್ನ ಕೈ ಹಿಡಿದು ಗಂಬಳಿಯ ಎಡ ಅಂಚಿನ ಬಳಿ ಕರೆದುಕೊಂಡು ಹೋದಳು.

"ಕೈ ಹಾಕಿ ನೋಡಿ ಅಕ್ಕಾ."

ಹಾಕಿದೆ. ಗೋಡೆ ತಣ್ಣಗೆ ಹಸಿಯಾಗಿತ್ತು. ಸುಣ್ಣ ಬೆರಳಿಗೆ ಮೊಸರಿನ ಹಾಗೆ ಅಂಟಿತು. ಇನ್ನೂ ಒಳಗೆ ಹೋದಾಗ ಬೆರಳುಗಳು ಬಿರುಕಿನೊಳಗೆ ಇಳಿದವು, ಮೊದಲು ಎರಡು, ಆಮೇಲೆ ನಾಲ್ಕು. ಆಚೆ ಕಡೆಯ ಗಾಳಿ ಬೆರಳ ತುದಿಗೆ ತಾಕಿತು. ಅದು ಹಸಿ ಇಟ್ಟಿಗೆಯ ಮನೆ, ಅಧ್ಯಕ್ಷರೇ, ಮಣ್ಣು ಮತ್ತು ಹುಲ್ಲು ಕಲಸಿ ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆ. ಹನ್ನೊಂದು ದಿನ ನೀರು ಕುಡಿದದ್ದು ಮತ್ತೆ ಮಣ್ಣಾಗುತ್ತಿದೆ. "ಗಾಳಿ ಬಂದಾಗೆಲ್ಲ ಗಂಬಳಿ ಉಬ್ಬುತ್ತೆ, ಇಳಿಯತ್ತೆ. ಮಕ್ಳು ಅದು ಉಸ್ರಾಡತ್ತೆ ಅಂತ ಆಟ ಆಡ್ತವೆ," ಎಂದಳು ಶೋಲ್ಪಾನ್. ಮಕ್ಕಳ ಹಾಸಿಗೆ ಆ ಗೋಡೆಯ ಕೆಳಗೇ ಇದೆ, ಏಕೆಂದರೆ ಇನ್ನೊಂದು ಕೋಣೆಯ ನೆಲ ಕುಸಿದಿದೆ.

ಚಳಿಗಾಲಕ್ಕೆ ಒಲೆ ಸರಿಮಾಡಲು ಪ್ರೋಖೋರ್‌ನನ್ನು ಕರೆಸಿದ್ದರು. ನಲವತ್ತು ವರ್ಷದಿಂದ ಈ ಊರಿನ ಒಲೆಗಳನ್ನು ಕಟ್ಟುತ್ತಿರುವವನು. ಒಲೆಯನ್ನು ನೋಡಲಿಲ್ಲ, ಗೋಡೆಯನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟ. "ನಾನು ಇಲ್ಲಿ ಒಲೆ ಹಚ್ಚೋದಿಲ್ಲ. ಹಚ್ಚಿದ್ರೆ ಒಳಗೆ ಶಾಖ, ಹೊರಗೆ ಹೆಪ್ಪು. ಈ ಗೋಡೆ ಹೊಸ ವರ್ಷ ನೋಡಲ್ಲ. ಹಚ್ದೇ ಇದ್ರೆ ಮಕ್ಳು ನೋಡಲ್ಲ," ಎಂದು ಟೋಪಿ ಹಾಕಿಕೊಂಡು ಹೊರಟುಹೋದ. ಮೊದಲ ಹಿಮಗಾಳಿಗೆ ಹೆಚ್ಚೆಂದರೆ ಮೂರು ವಾರವಿದೆ. ನನಗೆ ಭಯವಾಗಿದೆ. ನಾನು ತೆಗೆದ ಫೋಟೋಗಳಲ್ಲಿ ಎಷ್ಟೋ ಗೋರಿಕಲ್ಲಿಗೆ ಹೋಗಿವೆ ಎಂದು ಮೇಲೆಯೇ ಹೇಳಿದ್ದೇನೆ. ಆ ನಗುವ ಫೋಟೋ ಅಲ್ಲಿಗೆ ಹೋಗಬಾರದು.

ಆದ್ದರಿಂದ ನನ್ನ ಬೇಡಿಕೆ. ಸಮಿತಿ ಹದಿನೇಳನೇ ಮನೆಯನ್ನು ಖುದ್ದಾಗಿ ನೋಡಬೇಕು, ಆಮೇಲೆ ಉಳಿದ ನಲವತ್ತು ಮನೆಗಳನ್ನೂ ನೋಡಬೇಕು. ತಮ್ಮ ವಾಹನ ರಿಪೇರಿಯಾಗಿ ಬಂದಿರುವುದನ್ನು ನಾನೇ ಕಂಡಿದ್ದೇನೆ, ಹೊಸ ಬಣ್ಣ ಚೆನ್ನಾಗಿದೆ. ಒಂದೇ ಒಂದು ಷರತ್ತು: ಹೇಳದೆ ಬನ್ನಿ. ನೋಟಿಸು ಬೇಡ, ಫೋನ್ ಬೇಡ, ಮುಂಚಿತವಾಗಿ ಯಾರನ್ನೂ ಕಳಿಸುವುದು ಬೇಡ. ತಾವು ಬರುತ್ತೀರೆಂದು ಒಂದು ದಿನ ಮುಂಚೆ ತಿಳಿದರೆ ಬಾತಿಮಾ ಅಪಾ ಬಿರುಕಿಗೆ ಮಣ್ಣು ಮೆತ್ತಿ, ಸುಣ್ಣ ಹೊಡೆದು, ಕುರಿ ಕಡಿಸುತ್ತಾರೆ. ತಾವು ಹೊಟ್ಟೆ ತುಂಬ ಉಂಡು, ಎಲ್ಲವೂ ಸುಸ್ಥಿತಿಯಲ್ಲಿದೆ ಎಂದು ಮತ್ತೊಮ್ಮೆ ಬರೆಯುತ್ತೀರಿ. ತಮ್ಮನ್ನು ದೂರುವಂತೆಯೂ ಇರುವುದಿಲ್ಲ.

ಆದರೆ ಇದು ಪತ್ರಿಕೆಯಲ್ಲಿ ಅಚ್ಚಾಗುವ ಬಹಿರಂಗ ಪತ್ರ. ಬರೆಯುತ್ತಾ ಇಲ್ಲಿಗೆ ಬಂದಾಗ, ಇದೇ ಒಂದು ನೋಟಿಸು ಎಂದು ನನಗೆ ಹೊಳೆಯಿತು. ಬಾತಿಮಾ ಅಪಾ ಪತ್ರಿಕೆ ಓದುವುದಿಲ್ಲ, ಶೋಲ್ಪಾನ್ ಓದುತ್ತಾಳೆ, ಅತ್ತೆಗೆ ಹೇಳದೆ ಇರುವ ಧೈರ್ಯ ಅವಳಿಗಿಲ್ಲ. ಹಾಗಾಗಿ ವಿಚಾರಿಸಿ ನೋಡಿದೆ. ಗುರುವಾರದ ಪತ್ರಿಕೆ ತಮ್ಮ ಮೇಜಿಗೆ ಬೆಳಗ್ಗೆ ಎಂಟಕ್ಕೆ ಬರುತ್ತದೆ. ಅಂಚೆಯಾಕೆ ಮೇಲಿನ ಬೀದಿಗಳನ್ನೆಲ್ಲ ಮುಗಿಸಿ ಜೊಂಡಿನ ಬೀದಿಗೆ ಇಳಿಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಈ ಪತ್ರವನ್ನು ಅದಕ್ಕೆ ಮುಂಚೆ ಅಂತರ್ಜಾಲಕ್ಕೆ ಹಾಕುವುದಿಲ್ಲ ಎಂದು ಸಂಪಾದಕರು ಮಾತು ಕೊಟ್ಟಿದ್ದಾರೆ. ಓದುಗರಲ್ಲಿ ಕೈಮುಗಿದು ಕೇಳುತ್ತೇನೆ, ದಯವಿಟ್ಟು ಯಾರೂ ಹದಿನೇಳನೇ ಮನೆಗೆ ಫೋನ್ ಮಾಡಿ ಎಚ್ಚರಿಸಬೇಡಿ, ಅದು ಉಪಕಾರವಲ್ಲ. ಅಧ್ಯಕ್ಷರೇ, ತಮಗೆ ನಾಲ್ಕು ಗಂಟೆ ಸಮಯವಿದೆ. ವಾಹನದಲ್ಲಿ ಹದಿನೈದು ನಿಮಿಷದ ದಾರಿ.

ಬಾಗಿಲು ತಟ್ಟಿ. ಬೂಟು ಹೊಸ್ತಿಲಲ್ಲಿ ಬಿಡಬೇಕಾಗುತ್ತದೆ, ನೆಲದ ಹಲಗೆಯ ಕೆಳಗೆ ಇನ್ನೂ ನೀರಿರುವುದರಿಂದ ಕಾಲುಚೀಲ ಒದ್ದೆಯಾಗುತ್ತದೆ. ಅದನ್ನೂ ದಾಖಲಿಸಿಕೊಳ್ಳಬಹುದು. ಅಪಾ ಗಾಬರಿಯಾಗುತ್ತಾರೆ, ತಲೆವಸ್ತ್ರ ಸರಿಮಾಡಿಕೊಳ್ಳುತ್ತಾರೆ, ಮನೆ ಹೀಗಿದೆ ಎಂದು ಹತ್ತು ಸಲ ಕ್ಷಮೆ ಕೇಳುತ್ತಾರೆ. ಚಹಾ ಬರುತ್ತದೆ, ಬೇಡ ಎನ್ನಬೇಡಿ, ಕುಡಿಯಿರಿ. ಅವರು ಹಾಲಿಗೆಂದು ಒಳಗೆ ಹೋದಾಗ ಎದ್ದು ಗಂಬಳಿಯ ಎಡ ಅಂಚನ್ನು ಎತ್ತಿ, ಕೈ ಒಳಗೆ ಹಾಕಿ. ಫೋಟೋ ಬೇಡ, ಮೊಹರು ಬೇಡ. ತಮ್ಮ ಸ್ವಂತ ಕೈ ಸಾಕು. ಅಪಾ ಬರುವ ಮುಂಚೆ ಗಂಬಳಿಯನ್ನು ಮೊದಲಿನಂತೆ ಇಳಿಬಿಟ್ಟು, ಏನೂ ನೋಡಿಲ್ಲವೆಂಬಂತೆ ಕೂತುಕೊಳ್ಳಿ. ಕೈಗೆ ಸುಣ್ಣ ಅಂಟಿರುತ್ತದೆ, ಜೇಬಿನಲ್ಲಿಟ್ಟುಕೊಳ್ಳಿ.

ಹನ್ನೆರಡು ದಾಟಿದ ಮೇಲೆ ಬಂದರೂ ಬರಬಹುದು. ಚಹಾ ಸಿಗುತ್ತದೆ, ಬಿಸಿ ಬೌರ್ಸಾಕ್ ಸಿಗುತ್ತದೆ, ಆರು ಕುರ್ಚಿಗಳೂ ಬಂದಿರುತ್ತವೆ. ಹಾನಿ ಮಾತ್ರ ಸಿಗುವುದಿಲ್ಲ.

ಇಂತಿ,
"ಸ್ವಲ್ಪ ನಗಿ ಅಪಾ" ಎಂದು ಹೇಳಿದ ದಿನದಿಂದ ತಾನು ನಗಲಾರದ,
ಕಾಮ್ಶತ್, ಫೋಟೋಗ್ರಾಫರ್
ಬಸ್ ನಿಲ್ದಾಣದ ಹಿಂದೆ